ಸೋಗಾನೆಯ ಅಗ್ಗದ ಸೀಟಿಗೆ ನವೆಂಬರ್ ಗಡುವು

ನಾರ್ವೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಮನೆಗಳಿಗೆ ವಿಮಾನ ಈಗ ದೂರದ ಮಾತಲ್ಲ. ಮಗ ಹೈದರಾಬಾದಿನಲ್ಲಿ ಕೆಲಸದಲ್ಲಿರುತ್ತಾನೆ, ಮಗಳು ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುತ್ತಾಳೆ, ಅಡಿಕೆ ಕೊಯ್ಲು ಮುಗಿದ ಮೇಲೆ ಹಿರಿಯರು ತಿರುಪತಿಗೆ ಹೊರಡುತ್ತಾರೆ. 2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಇಂಡಿಗೊ ಬೆಂಗಳೂರಿನಿಂದ ಬಂದಿಳಿಯಿತು. ನವೆಂಬರಿನಲ್ಲಿ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾಕ್ಕೆ ಹಾರಾಟ ಶುರು ಮಾಡಿತು. ಓದುಗರು ನೆನಪಿಡಬೇಕಾದದ್ದು ಈ ನವೆಂಬರನ್ನೇ.

ಸ್ಟಾರ್ ಏರ್ ಹಾರಾಟ ನಡೆದದ್ದು ಉಡಾನ್ ಯೋಜನೆಯ ಆಸರೆಯಲ್ಲಿ. ಈ ಯೋಜನೆಯಲ್ಲಿ ಸುಮಾರು ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇರುತ್ತದೆ. ಅದರಿಂದ ಕಂಪನಿಗಾಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಆ ಹಣದಲ್ಲಿ 80 ಪಾಲು ಕೇಂದ್ರದ್ದು, 20 ಪಾಲು ರಾಜ್ಯದ್ದು. ಆದರೆ ಇದು ಮೂರೇ ವರ್ಷದ ನೆರವು. ಲೆಕ್ಕ ಹಾಕಿದರೆ ಶಿವಮೊಗ್ಗದ ಮಾರ್ಗಗಳಿಗೆ 2026ರ ನವೆಂಬರಿಗೆ ಅವಧಿ ತೀರುತ್ತದೆ. ಆಮೇಲೆ ದರ ಏರಬಹುದು, ಇಲ್ಲವೇ ವಿಮಾನವೇ ನಿಲ್ಲಬಹುದು.

ಇದು ಬರಿಯ ಊಹೆಯಲ್ಲ. ಬೀದರಿನಲ್ಲಿ 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಬೆಂಗಳೂರಿಗೆ ಹಾರಾಟ ಆರಂಭಿಸಿತ್ತು. ಅದು ನಿಂತ ಮೇಲೆ 2022ರಲ್ಲಿ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. ಮತ್ತೆ ವಿಮಾನ ಕಂಡದ್ದು 2025ರ ಏಪ್ರಿಲಿನಲ್ಲಿ. ನಡುವಿನ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಲ್ದಾಣ ಇತ್ತು, ರನ್‌ವೇ ಇತ್ತು, ವಿಮಾನ ಮಾತ್ರ ಇರಲಿಲ್ಲ.

ಹೀಗೆ ನಿಲ್ಲುವುದು ಸಣ್ಣ ಊರಿನ ಮಾರ್ಗಗಳಷ್ಟೇ ಅಲ್ಲ, ದೊಡ್ಡ ಕಂಪನಿಗಳೂ ನಿಂತಿವೆ. ಅಗ್ಗದ ವಿಮಾನದ ಕನಸನ್ನು ಈ ದೇಶಕ್ಕೆ ಹಚ್ಚಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರುವಾಯಿತು, ಒಂದು ರೂಪಾಯಿಯ ಟಿಕೆಟನ್ನೂ ಮಾರಿತು. 2008ರಲ್ಲಿ ಅದು ಕಿಂಗ್‌ಫಿಷರ್ ಜೊತೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. 2019ರಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನೆಲ ಕಚ್ಚಿದವು. ಮುಂಗಡ ಕೊಟ್ಟು ಟಿಕೆಟ್ ತೆಗೆದವರ ಹಣ ಸಿಕ್ಕಿಬಿತ್ತು. ಈಗ ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಇಂಡಿಗೊ ಒಂದರಲ್ಲೇ ಹೋಗುತ್ತಾರೆ. ಹಾಗಾದರೆ ಏನಾಗುತ್ತದೆ ಎನ್ನುವುದನ್ನು 2025ರ ಡಿಸೆಂಬರಿನಲ್ಲಿ ಕಂಡಿದ್ದೇವೆ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ತಯಾರಿ ಮಾಡಿಕೊಳ್ಳದೆ ಆ ಕಂಪನಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದು ಮಾಡಿತು. ಉಳಿದ ಕಂಪನಿಗಳ ದರ ಗಗನಕ್ಕೇರಿತು. ಕೊನೆಗೆ ಕೇಂದ್ರವೇ ಮಧ್ಯೆ ಬಂದು 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ ಮಿತಿ ಹಾಕಬೇಕಾಯಿತು. ಹೋಲಿಸಿ ನೋಡಲು ಎರಡನೆಯ ಕಂಪನಿಯೇ ಇಲ್ಲದ ಊರಿನಲ್ಲಿ ಅಗ್ಗ ಎಂಬುದಕ್ಕೆ ಅರ್ಥವಿಲ್ಲ.

ವಿಮಾನ ಇರುವಷ್ಟು ದಿನ ದರ ಹೋಲಿಸುವುದನ್ನಾದರೂ ಸರಿಯಾಗಿ ಮಾಡೋಣ. ಮೊಬೈಲಿನಲ್ಲಿ ಮೊದಲು ಕಾಣುವ ದರ ಪೂರ್ತಿ ದರವಲ್ಲ. ಸೀಟು ಆರಿಸಿಕೊಂಡರೆ ದುಡ್ಡು, ಊಟಕ್ಕೆ ದುಡ್ಡು, ಆನ್‌ಲೈನ್ ಪಾವತಿಗೆ ಬೇರೆ ಶುಲ್ಕ. ದೇಶದೊಳಗಿನ ಮಾಮೂಲಿ ಟಿಕೆಟಿಗೆ 15 ಕೆಜಿ ಲಗೇಜು, ಕೈಚೀಲಕ್ಕೆ 7 ಕೆಜಿ. ಮಕ್ಕಳಿಗೆಂದು ಕಾಫಿಪುಡಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ತುಂಬಿದ ಚೀಲ ಕೌಂಟರಿನ ತಕ್ಕಡಿಯಲ್ಲಿ ನಾಲ್ಕು ಕೆಜಿ ಹೆಚ್ಚು ತೂಗಿದರೆ ಕೆಜಿಗೆ ಐನೂರರ ಮೇಲೆ ಕಟ್ಟಬೇಕು. ಆ ಎರಡು ಸಾವಿರದಲ್ಲಿ ಅಗ್ಗದ ಟಿಕೆಟಿನ ಉಳಿತಾಯವೆಲ್ಲ ಕೊಚ್ಚಿಹೋಯಿತು. ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲೇ ಉಳಿಯುತ್ತದೆ. ಒಣಕೊಬ್ಬರಿಯನ್ನಂತೂ ಒಯ್ಯಲೇಬೇಡಿ, ಬೆಂಕಿಯ ಭಯಕ್ಕೆ ಅದು ನಿಷಿದ್ಧ.

ನಮ್ಮ ಕಡೆಯವರು ಲೆಕ್ಕಕ್ಕೆ ಹಿಡಿಯದೆ ಬಿಡುವುದು ದಾರಿ ಖರ್ಚನ್ನು. ಸೋಗಾನೆಗೆ ಟ್ಯಾಕ್ಸಿ, ಘಟ್ಟ ಇಳಿದು ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಟ್ಯಾಕ್ಸಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ದೇವನಹಳ್ಳಿ ನಿಲ್ದಾಣ: ಈ ಮೂರನ್ನೂ ಟಿಕೆಟಿನ ಜೊತೆ ಕೂಡಿಸಿದ ಮೇಲೆಯೇ ಯಾವುದು ಕಡಿಮೆ ಎಂದು ಹೇಳಬಹುದು. ಮಳೆಗಾಲದ ಮಾತು ಬೇರೆ. ಮಂಜು ಕವಿದು ಇಳಿಯಲಾಗದೆ ವಿಮಾನ ಸೋಗಾನೆಯಿಂದ ಹಿಂತಿರುಗಿದ್ದುಂಟು. ಹವಾಮಾನದಿಂದ ಹಾರಾಟ ರದ್ದಾದರೆ ಟಿಕೆಟಿನ ಹಣ ವಾಪಸ್ ಕೇಳಬಹುದು, ಪರಿಹಾರ ಸಿಗುವುದಿಲ್ಲ. ತನ್ನದೇ ಕಾರಣಕ್ಕೆ, ಹೊತ್ತಿಗೆ ಮೊದಲೇ ತಿಳಿಸದೆ ಕಂಪನಿ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ ಪರಿಹಾರಕ್ಕೆ ನಿಯಮವಿದೆ. ಮೂಲ ದರ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ ಸಿಗುತ್ತದೆ. ಕೇಳದೆ ಯಾರೂ ಕೊಡುವುದಿಲ್ಲ, ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದೇಶದ ವಿಮಾನ ಹಿಡಿಯಬೇಕಾದವರು ಒಂದು ದಿನ ಮೊದಲೇ ಹೊರಡುವುದು ಒಳ್ಳೆಯದು.

ಶಿವಮೊಗ್ಗ ನಿಲ್ದಾಣವನ್ನು ನಡೆಸುತ್ತಿರುವುದು ರಾಜ್ಯ ಸರ್ಕಾರವೇ. ಆದ್ದರಿಂದ ಜವಾಬ್ದಾರಿಯನ್ನು ದೆಹಲಿಯ ಮೇಲೆ ಹಾಕಿ ಕೂರಲಾಗದು. ಉಡಾನ್ ಅವಧಿ ತೀರಿದ ಮೇಲೆ ಯಾವ ಮಾರ್ಗಕ್ಕೆ ಎಷ್ಟು ನೆರವು ಕೊಡುತ್ತೇವೆ ಎಂಬುದನ್ನು ಸರ್ಕಾರ ನವೆಂಬರಿಗೆ ಮೊದಲೇ ಘೋಷಿಸಬೇಕು. ಶಿವಮೊಗ್ಗದ ಸಂಸದ ಬಿ.ವೈ. ರಾಘವೇಂದ್ರ, ಉಡುಪಿ-ಚಿಕ್ಕಮಗಳೂರಿನ ಸಂಸದ ಕೋಟ ಶ್ರೀನಿವಾಸ ಪೂಜಾರಿ ಪಕ್ಷದ ಲೆಕ್ಕ ಬದಿಗಿಟ್ಟು ರಾಜ್ಯದ ಸಚಿವರೊಂದಿಗೆ ಕುಳಿತು ಮಾತನಾಡಬೇಕು. ಹಾರಾಟ ನಿಂತ ಮೇಲೆ ಮನವಿ ಕೊಟ್ಟರೆ ಮತ್ತೆ ಶುರುವಾಗಲು ಎಷ್ಟು ಕಾಲ ಬೇಕಾದೀತು ಎನ್ನುವುದನ್ನು ಬೀದರಿನವರನ್ನು ಕೇಳಿದರೆ ಹೇಳುತ್ತಾರೆ.