ಅಬ್ಬಾ ಇದ್ದೂ ಇಲ್ಲದ ಮಕ್ಕಳು

ರಂಝಾನ್ ಸಮೀಪಿಸುತ್ತಿದ್ದಂತೆ ನಮ್ಮ ಮೊಹಲ್ಲಾಗಳಲ್ಲಿ ಪಟ್ಟಿ ಬರೆಯುವ ಕೆಲಸ ಶುರುವಾಗುತ್ತದೆ. ವಿಧವೆಯರು ಎಷ್ಟು ಮಂದಿ, ಯತೀಮರು ಎಷ್ಟು ಮಂದಿ, ಯಾರ ಮನೆಗೆ ರೇಷನ್ ಕಿಟ್, ಯಾರಿಗೆ ಈದ್ ಬಟ್ಟೆ. ಒಳ್ಳೆಯ ಕೆಲಸ, ಅಲ್ಲಾಹನು ಸ್ವೀಕರಿಸಲಿ. ಆದರೆ ಈ ಪಟ್ಟಿಯ ಯಾವ ಕಾಲಮ್ಮಿಗೂ ಹೊಂದದ ಮಕ್ಕಳಿದ್ದಾರೆ. ಅವರ ತಂದೆ ಸತ್ತಿಲ್ಲ. ಎಲ್ಲೋ ಬೇರೆ ಸಂಸಾರ ಹೂಡಿದ್ದಾನೆ, ಇಲ್ಲವೇ ಸಾಲ ಮಾಡಿ ಊರು ಬಿಟ್ಟಿದ್ದಾನೆ. ಖರ್ಚಿಗೆ ಕಳಿಸುವುದಿಲ್ಲ. ತಲಾಕ್ ಕೊಟ್ಟಿದ್ದಾನೋ ಇಲ್ಲವೋ, ಅದೂ ಸ್ಪಷ್ಟವಿಲ್ಲ. ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗುವೇ ಯತೀಮ್ ಎಂದು ಕಿತಾಬುಗಳಲ್ಲಿದೆ. ಆದ್ದರಿಂದ ಇವರು ಯತೀಮರಲ್ಲ, ಇವರ ತಾಯಿ ವಿಧವೆಯೂ ಅಲ್ಲ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ.

ಮಂಡ್ಯದ ಗುತ್ತಲಿನಂತಹ ಬಡಾವಣೆಯಲ್ಲಿ ಪಾಠ ಹೇಳುವವರಿಗೆ ಈ ಮಕ್ಕಳು ಹೊಸಬರಲ್ಲ. ಒಂದು ಮನೆಯ ಚಿತ್ರ ಕೊಡುತ್ತೇನೆ. ಯಾರ ಗುರುತೂ ಸಿಗದಿರಲೆಂದು ಎರಡು ಮೂರು ಮನೆಗಳ ಸಂಗತಿ ಸೇರಿಸಿದ್ದೇನೆ. ಶೀಟಿನ ಮನೆ, ಒಂದೇ ಕೋಣೆ. ನಾನಿ, ಅವರ ಇಬ್ಬರು ಹೆಣ್ಣುಮಕ್ಕಳು, ಆ ಇಬ್ಬರ ನಾಲ್ಕು ಮಕ್ಕಳು. ದೊಡ್ಡ ಮಗಳು ಬೆಳಗಾಗುತ್ತಲೇ ಮದ್ದೂರಿನ ಕಡೆಯ ಗಾರ್ಮೆಂಟ್ಸಿಗೆ ಬಸ್ಸು ಹತ್ತುತ್ತಾಳೆ. ಮೊದಲ ಗಂಡ ಬಿಟ್ಟುಹೋದ ಮೇಲೆ ಹಿರಿಯರೇ ನಿಂತು ಎರಡನೇ ನಿಕಾಹ್ ಮಾಡಿಸಿದರು. ಮಗು ಹುಟ್ಟಿದ ವರ್ಷವೇ ಅವನೂ ಹೋದ. ಹೀಗಾಗಿ ಅಕ್ಕನ ಅಬ್ಬಾ ಬೇರೆ, ತಮ್ಮನ ಅಬ್ಬಾ ಬೇರೆ. ಚಿಕ್ಕವಳ ಕಥೆಯೂ ಹೆಚ್ಚುಕಡಿಮೆ ಅದೇ. ನಾನಿ ಮಂಡಿನೋವಿನಲ್ಲೇ ಎರಡು ಮನೆಗಳ ಪಾತ್ರೆ ತೊಳೆಯುತ್ತಾರೆ. ತಿಂಗಳ ಕೊನೆಯ ವಾರ ಸಾರಿನಲ್ಲಿ ಬೇಳೆ ಕಾಣುವುದಿಲ್ಲ. ಶಾಲೆಯ ಬಿಸಿಯೂಟವೇ ಮಕ್ಕಳಿಗೆ ದಿನದ ದೊಡ್ಡ ಊಟ. ರಜೆ ಎಂದರೆ ಬೇರೆ ಮಕ್ಕಳು ಕುಣಿಯುತ್ತಾರೆ, ಇವರು ಕುಣಿಯುವುದಿಲ್ಲ.

ಹಸಿವನ್ನು ಮಕ್ಕಳು ಹೇಗೋ ಸಹಿಸುತ್ತಾರೆ. ಸಹಿಸಲಾಗದ್ದು ನಮ್ಮ ಪ್ರಶ್ನೆಗಳನ್ನು. “ನಿಮ್ಮಬ್ಬಾ ಏನ್ ಮಾಡ್ತಾರಮ್ಮ?” “ನಿನ್ನ ತಮ್ಮನ ಇನಿಷಿಯಲ್ ಬೇರೆ ಯಾಕೆ?” ಮದುವೆ ಮನೆಯಲ್ಲಿ ಹೀಗೆ ಕೇಳುವವರು ಗಂಡಸರಲ್ಲ, ನಾವೇ. ಹತ್ತು ವರ್ಷದ ಹುಡುಗಿ “ಅಬ್ಬಾ ಸೌದಿಯಲ್ಲಿದ್ದಾರೆ” ಎನ್ನುತ್ತಾಳೆ. ಆ ಸುಳ್ಳನ್ನು ಉಳಿಸಿಕೊಳ್ಳಲು ಮತ್ತೊಂದು. ಸುಳ್ಳು ಹೇಳುವುದು ಗುನಾಹ್ ಎಂದು ಆಕೆಗೆ ಕಲಿಸುವ ಮೊದಲು, ಆ ಸುಳ್ಳಿನ ಅಗತ್ಯ ತಂದಿಟ್ಟವರಿಗೆ ಎರಡು ಮಾತು ಹೇಳಬೇಕು.

ಸಹೋದರಿಯರೇ, ಒಡೆದ ಮನೆಯ ವಿಷಯ ಧರ್ಮಕ್ಕೆ ಹೊರಗಿನದು ಎಂದುಕೊಳ್ಳಬೇಡಿ. ಪವಿತ್ರ ಕುರ್‌ಆನಿನ 58ನೇ ಅಧ್ಯಾಯ ಅಲ್ ಮುಜಾದಲಃ ಆರಂಭವಾಗುವುದೇ ಗಂಡನ ಮೇಲೆ ದೂರು ತಂದ ಹೆಣ್ಣಿನ ಪ್ರಸ್ತಾಪದಿಂದ. ಹ. ಖೌಲಾ ಬಿಂತ್ ಸಅಲಬಾ(ರ)ರ ಪತಿ ಕೋಪದಲ್ಲಿ ಆಕೆಯನ್ನು ತನ್ನ ತಾಯಿಗೆ ಹೋಲಿಸಿ ‘ಝಿಹಾರ್’ ಮಾಡಿದ್ದರು. ಅಜ್ಞಾನ ಕಾಲದ ಪದ್ಧತಿಯಂತೆ ಅಲ್ಲಿಗೆ ಸಂಬಂಧ ಮುಗಿಯುತ್ತಿತ್ತು. ಆಕೆ ಪ್ರವಾದಿ(ಸ)ರ ಬಳಿ ಬಂದು ವಾದಿಸಿದರು. ಸಣ್ಣ ಮಕ್ಕಳಿದ್ದಾರೆ, ಅವನ ಬಳಿ ಬಿಟ್ಟರೆ ಹಾಳಾಗುತ್ತಾರೆ, ನನ್ನ ಬಳಿ ಇಟ್ಟುಕೊಂಡರೆ ಹಸಿಯುತ್ತಾರೆ ಎಂದು ಆಕೆ ಅತ್ತುಕೊಂಡ ಉಲ್ಲೇಖಗಳಿವೆ. ಆ ಮಾತನ್ನು ಅಲ್ಲಾಹನು ಕೇಳಿಸಿಕೊಂಡನು. ಮುಂದೆ ಖಲೀಫರಾಗಿದ್ದ ಹ. ಉಮರ್(ರ) ದಾರಿಯಲ್ಲಿ ಆಕೆಯ ಮಾತಿಗೆ ತಲೆಬಾಗಿ ಬಹಳ ಹೊತ್ತು ನಿಂತರೆಂದೂ ವರದಿಯಾಗಿದೆ. ನಮ್ಮಲ್ಲಾದರೆ “ಸಬರ್ ಮಾಡು” ಎಂದು ಕಳಿಸಿಬಿಡುತ್ತಾರೆ.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಝಕಾತಿನ ಹಕ್ಕುದಾರರು ಎಂಟು ವರ್ಗ, ಅತ್ತೌಬಃ ಅಧ್ಯಾಯದ 60ನೇ ಸೂಕ್ತದಲ್ಲಿ ಹೆಸರಿಸಲಾಗಿದೆ. ಅದರಲ್ಲಿ ಯತೀಮ್ ಎಂಬ ಪದವೇ ಇಲ್ಲ! ಫಕೀರ್ ಮತ್ತು ಮಿಸ್ಕೀನ್ ಮೊದಲಿಗೆ ಬರುತ್ತಾರೆ. ಅಂದರೆ ತಂದೆ ತೀರಿಕೊಂಡ ಮಾತ್ರಕ್ಕೆ ಝಕಾತ್ ಸಲ್ಲುವುದಿಲ್ಲ, ಬಡವರಾಗಿದ್ದರೆ ಸಲ್ಲುತ್ತದೆ. ಹಾಗಿದ್ದ ಮೇಲೆ ತಂದೆ ಬದುಕಿದ್ದಾನೆಂಬ ಕಾರಣಕ್ಕೆ ಬಡ ಮಗುವಿನ ಹೆಸರು ಹೊಡೆದುಹಾಕುವುದು ಯಾವ ನ್ಯಾಯ? ಶ್ರೀಮಂತ ತಂದೆಯ ಅಪ್ರಾಪ್ತ ಮಗುವಿಗೆ ಝಕಾತ್ ಕೂಡದು ಎಂದು ಹನಫೀ ಫಿಕ್‌ಹ್‌ನಲ್ಲಿದೆ, ನಿಜ. ಆದರೆ ಓಡಿಹೋದ ಈ ಗಂಡಸರಲ್ಲಿ ಶ್ರೀಮಂತರೆಷ್ಟು? ಸಂದೇಹವಿದ್ದರೆ ತಾಯಿಯ ಕೈಗೆ ಕೊಡಿ. ಆಕೆ ನಿಸಾಬಿನ ಒಡತಿಯಲ್ಲದಿದ್ದರೆ ಆಕೆಗೇ ಹಕ್ಕಿದೆ. ಇನ್ನೊಂದು ಮಾತು: ನಾನಿ ತನ್ನ ಝಕಾತನ್ನು ಮೊಮ್ಮಕ್ಕಳಿಗೆ ಕೊಡುವಂತಿಲ್ಲ, ಮಾಮು ಮತ್ತು ಖಾಲಾ ಕೊಡಬಹುದು. ಬಂಧುಗಳಿಗೆ ಕೊಟ್ಟರೆ ದಾನದ ಪುಣ್ಯ, ರಕ್ತಸಂಬಂಧದ ಪುಣ್ಯ ಎರಡೂ ಇವೆಯೆಂದು ಹದೀಸ್ ಇದೆ (ತಿರ್ಮಿದಿ). ಸಾವಿರಾರು ರೂಪಾಯಿಯ ಝಕಾತನ್ನು ದೂರದ ಊರಿಗೆ ಕಳಿಸುವ ಮಾಮುಗಳು ಇದನ್ನು ಓದಲಿ.

ಇದರಿಂದ ತಂದೆಯ ಹೊಣೆ ತಪ್ಪುವುದಿಲ್ಲ. ಅನ್ನ ಬಟ್ಟೆಯ ಭಾರ ತಂದೆಯ ಮೇಲಿದೆ (ಅಲ್ ಬಕರಃ 233). ಗಂಡ ಜಿಪುಣ, ನನಗೂ ಮಕ್ಕಳಿಗೂ ಸಾಲುವಷ್ಟು ಕೊಡುವುದಿಲ್ಲ ಎಂದು ಹ. ಹಿಂದ್(ರ) ದೂರಿದಾಗ, ವಾಡಿಕೆಯಂತೆ ಸಾಕಾಗುವಷ್ಟು ಅವನ ಸೊತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿಸಿದರು (ಬುಖಾರಿ, ಮುಸ್ಲಿಮ್). ದೇಶದ ಕಾನೂನೂ ಅದೇ ದಿಕ್ಕಿನಲ್ಲಿದೆ. ತಲಾಕಿನ ನಂತರ ತಾಯಿಯ ಬಳಿ ಬೆಳೆಯುವ ಮಕ್ಕಳಿಗೂ ಮುಸ್ಲಿಮ್ ತಂದೆ ಜೀವನಾಂಶ ಕೊಡಲೇಬೇಕೆಂದು ಸುಪ್ರೀಮ್ ಕೋರ್ಟ್ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಪು ನೀಡಿತು. ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ ಸಿ.ಆರ್.ಪಿ.ಸಿ. 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ಹೇಳಿತು. ಆ ಕಲಮು ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಹೆಂಗಸರು ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಿದ ಹೆಣ್ಣು ಸರಿಯಿಲ್ಲ ಎನ್ನುವವರು ಹ. ಖೌಲಾ(ರ)ರ ಬಗ್ಗೆ ಏನೆನ್ನುತ್ತಾರೋ!

ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ಇಂತಹುದೇ ಹೆಣ್ಣಿನ ಕುರಿತು ‘ಕರಿ ನಾಗರಗಳು’ ಕಥೆ ಬರೆದರು. ಗಂಡ ಕೈಬಿಟ್ಟ ತಾಯಿ ಮಕ್ಕಳೊಂದಿಗೆ ಮುತವಲ್ಲಿಯ ಬಳಿ ನ್ಯಾಯ ಕೇಳುವ ಕಥೆ. ಗಿರೀಶ್ ಕಾಸರವಳ್ಳಿ ಅದನ್ನು ಆಧರಿಸಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ಬಾನು ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಇಂತಹ ಕಥೆಗಳಿಂದ ಸಮುದಾಯದ ಹೆಸರು ಕೆಡುತ್ತದೆ ಎನ್ನುವವರು ಈಗಲೂ ಇದ್ದಾರೆ. ಹೆಸರು ಕೆಡಿಸಿದ್ದು ಕಥೆಯೋ, ಬಿಟ್ಟುಹೋದ ಗಂಡನೋ?

ಕೊನೆಗೆ, ತಾಯಂದಿರಿಗೆ ಒಂದು ಉಪಯೋಗದ ವಿಷಯ. ಸರಕಾರದ ‘ಮಿಷನ್ ವಾತ್ಸಲ್ಯ’ದಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ. ಮಂಜೂರಾದರೆ ಮಗು ತನ್ನ ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ. 2022ರ ಮಾರ್ಗಸೂಚಿಯಂತೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಬಾರದು. ವಿಧವೆಯರ ಮಕ್ಕಳ ಜೊತೆಗೆ ವಿಚ್ಛೇದಿತೆಯರ, ಪರಿತ್ಯಕ್ತೆಯರ ಮಕ್ಕಳನ್ನೂ ಇದರಲ್ಲಿ ಹೆಸರಿಸಿ ಸೇರಿಸಲಾಗಿದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಬೇಕು. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ವಿಚಾರಿಸಿ. ಓದು ಬರಹ ಬಾರದ ನಾನಿಯರ ಜೊತೆ ಕಚೇರಿಗೆ ಹೋಗಿ ಫಾರಂ ತುಂಬಿಸಿಕೊಡಲು ಮೊಹಲ್ಲಾದ ಡಿಗ್ರಿ ಓದುವ ಹುಡುಗಿಯರಿಗೆ ಅರ್ಧ ದಿನ ಸಾಕು.