ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನು ಮಾರುವ ಮುನ್ನ

ಮಾನ್ಯ ಕೇಂದ್ರ ಗಣಿ ಸಚಿವರಾದ ಶ್ರೀ ಜಿ. ಕಿಶನ್ ರೆಡ್ಡಿಯವರಿಗೆ,



ನಿಮ್ಮ ಸಚಿವಾಲಯದ ಕೈಕೆಳಗೆ ಒಂದು ವಿಚಿತ್ರ ಕಂಪನಿ ಇದೆ. ಹೆಸರಿನಲ್ಲಿ ಚಿನ್ನವೂ ಇದೆ, ಗಣಿಯೂ ಇದೆ. ನೆಲದಡಿಯಿಂದ ಚಿನ್ನ ತೆಗೆದು ಮಾತ್ರ ಕಾಲು ಶತಮಾನವಾಯಿತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ನಮ್ಮ ಕಡೆಯವರ ಬಾಯಲ್ಲಿ ಬಿಜಿಎಂಎಲ್. 2001ರ ಫೆಬ್ರವರಿ ಕೊನೆಯ ದಿನ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಕೆಲಸ ನಿಂತಿತು. ಅಂದಿನಿಂದ ದೆಹಲಿಯಲ್ಲೂ ಬೆಂಗಳೂರಿನಲ್ಲೂ ನಡೆಯುತ್ತಿರುವ ಚರ್ಚೆ ಎರಡೇ ಪ್ರಶ್ನೆಗಳದ್ದು: ಇದರ ಆಸ್ತಿ ಮಾರೋಣವೇ, ಮಾರಿದರೆ ಯಾರಿಗೆ? ಬಂದ ಹಣ ಎಲ್ಲಿಗೆ ಹೋಗಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿದ್ದು ಕಾಣೆ. ಅದನ್ನು ಕೇಳಲೆಂದೇ ಈ ಪತ್ರ.

ನಾನು ಕೋಲಾರ ಜಿಲ್ಲೆಯವನು. ದುಬೈನ ದೇರಾದಲ್ಲಿ ಚಿನ್ನದ ವ್ಯಾಪಾರದ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಇಲ್ಲಿನ ಗೋಲ್ಡ್ ಸೂಕ್‌ನ ಅಂಗಡಿಗಳಿಗೆ ಬರುವ ಗಟ್ಟಿಗಳಲ್ಲಿ ಒಂದೂ ಈ ದೇಶದ ಮಣ್ಣಿನಿಂದ ಬಂದದ್ದಲ್ಲ. ಯಾರದೋ ನೆಲದ ಚಿನ್ನ ಇಲ್ಲಿಗೆ ಬಂದು, ಕರಗಿ, ಮುದ್ರೆ ಹಾಕಿಸಿಕೊಂಡು, ಒಂದು ಪಾಲು ನಮ್ಮ ದೇಶದ ಕಡೆಗೇ ಹೊರಡುತ್ತದೆ. 2022ರ ಮೇ ತಿಂಗಳಿಂದ ಜಾರಿಯಲ್ಲಿರುವ ಭಾರತ–ಯುಎಇ ಒಪ್ಪಂದದ ಪ್ರಕಾರ ವರ್ಷಕ್ಕೆ 200 ಟನ್ನಿನವರೆಗಿನ ಚಿನ್ನಕ್ಕೆ ಆಮದು ಸುಂಕದಲ್ಲಿ ಶೇ. 1ರ ರಿಯಾಯಿತಿಯೂ ಉಂಟು. ಭಾರತ ವರ್ಷಕ್ಕೆ ಆಮದು ಮಾಡುವ ಚಿನ್ನ ಏಳೆಂಟು ನೂರು ಟನ್. ನಾವೇ ಗಣಿಯಿಂದ ತೆಗೆಯುವುದು ಒಂದೂವರೆ ಟನ್ನಿನ ಆಸುಪಾಸು, ಅದರಲ್ಲಿ ಹೆಚ್ಚಿನದು ರಾಯಚೂರಿನ ಹಟ್ಟಿಯದು. 120 ವರ್ಷಗಳಲ್ಲಿ ಸುಮಾರು 800 ಟನ್ ಕೊಟ್ಟ ಕೆಜಿಎಫ್‌ನ ಪಾಲು ಈಗ ಸೊನ್ನೆ.

ಈ ಸೊನ್ನೆ ಬಂದದ್ದು ಹೇಗೆ ಎಂಬುದನ್ನು ಮರೆತು ಮಾರಾಟದ ಮಾತಾಡುವುದು ಸರಿಯಲ್ಲ. ಶುರುವಿನ ಕಾಲದಲ್ಲಿ ಟನ್ ಅದಿರಿಗೆ ನಲವತ್ತು ಗ್ರಾಮಿಗೂ ಮೇಲೆ ಚಿನ್ನ ಸಿಗುತ್ತಿದ್ದ ಗಣಿ, ಕೊನೆಯ ಹೊತ್ತಿಗೆ ಮೂರು ಗ್ರಾಮಿಗೆ ಇಳಿದಿತ್ತು. ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಆಳದಿಂದ ಅಷ್ಟು ಬಡ ಅದಿರನ್ನು ಎತ್ತುವುದು ದುಬಾರಿ, ಒಪ್ಪೋಣ. ಆದರೆ ಅದಕ್ಕೂ ಮೊದಲು ಹಲವು ವರ್ಷ ಈ ಗಣಿಯ ಚಿನ್ನವನ್ನು ಔನ್ಸಿಗೆ 35 ಡಾಲರಿನ ಅಂತರರಾಷ್ಟ್ರೀಯ ದರದಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಅದೇ ಚಿನ್ನಕ್ಕೆ ಮುಂಬಯಿಯ ಝವೇರಿ ಬಜಾರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆಯಿತ್ತು. ಆ ವ್ಯತ್ಯಾಸದ ಹಣ ಗಣಿಯ ಕೈಗೆ ಬಂದಿದ್ದರೆ ಹೊಸ ಯಂತ್ರಕ್ಕೋ ಹೊಸ ಶೋಧಕ್ಕೋ ಆಗುತ್ತಿತ್ತು. ಕೊನೆಗೆ ಲೆಕ್ಕದ ಪುಸ್ತಕದಲ್ಲಿ ಉಳಿದದ್ದು ‘ನಷ್ಟದ ಕಂಪನಿ’ ಎಂಬ ಹಣೆಪಟ್ಟಿ. 1992ರಲ್ಲಿ ಕಂಪನಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ನಿಂತಿತು. ಒಂಬತ್ತು ವರ್ಷಕ್ಕೆ ಬಾಗಿಲು ಹಾಕಿತು.

ಬಾಗಿಲು ಹಾಕಿದ ಸಮಯವನ್ನಾದರೂ ನೋಡಿ. 2001ರ ಆ ತಿಂಗಳುಗಳಲ್ಲಿ ಚಿನ್ನ ಔನ್ಸಿಗೆ 260 ಡಾಲರಿನ ಆಚೀಚೆ, ಎರಡು ದಶಕಗಳ ತಳದಲ್ಲಿತ್ತು. ನಾವೊಬ್ಬರೇ ಮೋಸಹೋದದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು: ಬ್ರಿಟನ್ 1999ರಿಂದ 2002ರವರೆಗೆ ಸುಮಾರು 395 ಟನ್ ಚಿನ್ನವನ್ನು ಸರಾಸರಿ 275 ಡಾಲರಿಗೆ ಹರಾಜು ಹಾಕಿ ಇವತ್ತಿಗೂ ಬೈಸಿಕೊಳ್ಳುತ್ತಿದೆ. 2025ರ ಅಕ್ಟೋಬರಿನಲ್ಲಿ ಅದೇ ಔನ್ಸ್ ನಾಲ್ಕು ಸಾವಿರ ಡಾಲರ್ ದಾಟಿತು. ಬ್ರಿಟನ್ ಮಾರಿದ ಗಟ್ಟಿಯನ್ನು ಬೇಕೆಂದರೆ ಮತ್ತೆ ಕೊಳ್ಳಬಹುದು. ಕೆಜಿಎಫ್‌ನಲ್ಲಿ ಪಂಪುಗಳು ನಿಂತ ಮೇಲೆ ನೀರು ತುಂಬಿದ ಸುರಂಗಗಳಿಗೆ ಆ ಸೌಲಭ್ಯವಿಲ್ಲ. ಆಳದ ಗಣಿ ಮತ್ತೆ ತೆರೆಯುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ಹೇಳುವ ಮಾತನ್ನು, ದಯವಿಟ್ಟು, ನೀವಾದರೂ ಹೇಳಬೇಡಿ. ಅಲ್ಲಿನ ಹಿರಿಯರು ಅದನ್ನು ನಂಬುತ್ತಾರೆ.

ಹಾಗಾದರೆ ಈಗ ಉಳಿದಿರುವ ಆಸ್ತಿ ಯಾವುದು? ಒಂದು, ನೆಲ. 2020ರಲ್ಲಿ ರಾಜ್ಯದ ಅಂದಿನ ಕೈಗಾರಿಕಾ ಸಚಿವ ಜಗದೀಶ ಶೆಟ್ಟರ್ ಕೈಗಾರಿಕಾ ಪಾರ್ಕಿಗೆಂದು 3,200 ಎಕರೆ ಕೇಳಿದ್ದರು. ಬೆಂಗಳೂರು–ಚೆನ್ನೈ ನಡುವಿನ ನೆಲ, ಯಾರಿಗಾದರೂ ಆಸೆಯಾಗುವಂಥದ್ದೇ. ಎರಡನೆಯದು ಸೈನೈಡ್ ಗುಡ್ಡಗಳು. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ಬೂದು ಬಣ್ಣದ ಗುಡ್ಡಗಳಿವು. ಸಿನಿಮಾದವರು ಬಂದು ಶೂಟಿಂಗ್ ಮಾಡಿ ಹೋಗುತ್ತಾರೆ. ಗಾಳಿಗಾಲದಲ್ಲಿ ಅದೇ ಧೂಳು ಊರಿನವರ ಅನ್ನದ ತಟ್ಟೆಗೆ ಬಂದು ಕೂರುತ್ತದೆ. ಈ ಮಣ್ಣು ಸುಮಾರು 3.3 ಕೋಟಿ ಟನ್ ಇದೆ, ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನವಿದೆ ಎನ್ನುವುದು ಲೆಕ್ಕ. 2024ರ ಜೂನ್‌ನಲ್ಲಿ ಇಂಥ 13 ಗುಡ್ಡಗಳಿರುವ 1,003.4 ಎಕರೆಯಲ್ಲಿ ಮೇಲ್ಮೈ ಗಣಿಗಾರಿಕೆಗೆ ಕೇಂದ್ರ ಕಳಿಸಿದ ಪ್ರಸ್ತಾವವನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು.

ಒಂದು ಗ್ರಾಮಿಗೂ ಕಡಿಮೆ ಎಂದರೆ ಕಸ ಎಂದು ತಿಳಿಯುವವರು ದಕ್ಷಿಣ ಆಫ್ರಿಕಾದ ಡಿಆರ್‌ಡಿ ಗೋಲ್ಡ್ ಕಂಪನಿಯನ್ನು ನೋಡಬೇಕು. 1895ರಲ್ಲಿ ಹುಟ್ಟಿದ ಡರ್ಬನ್ ರೂಡೆಪೋರ್ಟ್ ಡೀಪ್ ಕಂಪನಿ ಅದು. ಹೆಸರೇ ಹೇಳುವಂತೆ ಆಳದ ಗಣಿಯದು. ಕೆಜಿಎಫ್‌ನಂತೆಯೇ ಅದಕ್ಕೂ ಆಳವೇ ಭಾರವಾಯಿತು. ಆಳದ ಗಣಿಗಳನ್ನು ಒಂದೊಂದಾಗಿ ಕೈಬಿಟ್ಟಿತು, ಮಾರಿತು. ಕೊನೆಗೆ ಉಳಿಸಿಕೊಂಡದ್ದು ಜೋಹಾನ್ಸ್‌ಬರ್ಗಿನ ಸುತ್ತಲಿನ ಹಳೆಯ ಮಣ್ಣುಗುಡ್ಡಗಳನ್ನು. ಅಲ್ಲಿ ಟನ್ನಿಗೆ ಸಿಗುವುದು ಕಾಲು ಗ್ರಾಮಿನ ಸುತ್ತಮುತ್ತ, ಅಷ್ಟೇ. ಅದರಲ್ಲೇ ಲಾಭ ಮಾಡುತ್ತಿದೆ. ಸೋತ ಕಂಪನಿ ಯಾವುದನ್ನು ಬಿಟ್ಟು ಯಾವುದನ್ನು ಇಟ್ಟುಕೊಳ್ಳಬೇಕೆಂಬ ಲೆಕ್ಕ ಅವರಿಗೆ ಗೊತ್ತಿತ್ತು. ನಾವು ಅದರ ಉಲ್ಟಾ ಮಾಡಹೊರಟಿದ್ದೇವೆ: ಆಳ ಮುಳುಗಿಹೋಯಿತು, ಗುಡ್ಡವನ್ನು ಮಾರುತ್ತೇವೆ, ಕಂಪನಿಯ ಬೋರ್ಡನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

ಮಾರಾಟವೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಘಾನಾದ ಅಶಾಂತಿ ಗೋಲ್ಡ್‌ಫೀಲ್ಡ್ಸ್ 1999ರಲ್ಲಿ ಚಿನ್ನದ ಮುಂಗಡ ವಹಿವಾಟಿನಲ್ಲಿ ಸಿಕ್ಕಿಹಾಕಿಕೊಂಡು, ಮರುವರ್ಷ ತಾಂಜಾನಿಯಾದ ಗೀಟಾ ಗಣಿಯ ಅರ್ಧವನ್ನು ಆಂಗ್ಲೋಗೋಲ್ಡ್‌ಗೆ 335 ಮಿಲಿಯನ್ ಡಾಲರಿಗೆ ಕೊಟ್ಟಿತು. ಜೀವ ಉಳಿಯಿತು. ಆದರೆ ತನ್ನ ಒಳ್ಳೆಯ ಗಣಿಯ ಅರ್ಧ ಕೊಟ್ಟವನು ಮುಂದೆ ತಲೆಯೆತ್ತುವುದು ಕಷ್ಟ; 2004ರಲ್ಲಿ ಕಂಪನಿಯೇ ಆಂಗ್ಲೋಗೋಲ್ಡ್‌ನೊಳಗೆ ಕರಗಿತು. ಕೆನಡಾದ ಬ್ಯಾರಿಕ್ ಮಾತ್ರ 2015ರಲ್ಲಿ ಸಾಲದ ಹೊರೆ ಮಿತಿಮೀರಿದಾಗ ಚಿಲಿಯ ಝಾಲ್ದೀವಾರ್ ತಾಮ್ರದ ಗಣಿಯ ಅರ್ಧವನ್ನು ಸುಮಾರು ಒಂದು ಬಿಲಿಯನ್ ಡಾಲರಿಗೆ ಮಾರಿ, ಬಂದದ್ದನ್ನು ಸಾಲಕ್ಕೇ ಹಾಕಿತು. ಇವತ್ತಿಗೂ ದೊಡ್ಡ ಕಂಪನಿಯಾಗಿಯೇ ಇದೆ.

ನಾನಿರುವ ಊರೇ ಇದಕ್ಕಿಂತ ಹತ್ತಿರದ ಪಾಠ. 2009ರ ನವೆಂಬರ್ 25ರಂದು ದುಬೈ ಸರ್ಕಾರದ ಕಂಪನಿ ದುಬೈ ವರ್ಲ್ಡ್ ತನಗೆ ಸಾಲ ಕೊಟ್ಟವರ ಮುಂದೆ ಕೈಮುಗಿದು ಗಡುವು ಕೇಳಿದಾಗ ಇಲ್ಲಿ ಕೆಲಸ ಮಾಡುತ್ತಿದ್ದ ನಮ್ಮಂಥವರ ಎದೆ ಝಲ್ಲೆಂದಿತ್ತು. ಸುಮಾರು 25 ಬಿಲಿಯನ್ ಡಾಲರ್ ಸಾಲ. ಅಷ್ಟು ದೊಡ್ಡ ಸಂತೆಯಲ್ಲಿ ಎಲ್ಲವನ್ನೂ ರಸ್ತೆಗೆ ತಂದು ಸಿಕ್ಕಿದ ಬೆಲೆಗೆ ಕೊಡುತ್ತಾರೆ ಎಂದುಕೊಂಡವರೇ ಹೆಚ್ಚು. ಹಾಗಾಗಲಿಲ್ಲ. ಬಂದರುಗಳ ಕಂಪನಿ ಡಿಪಿ ವರ್ಲ್ಡ್ ಅನ್ನು ಆರಂಭದಲ್ಲೇ ಆ ಗಡುವಿನ ಮಾತುಕತೆಯಿಂದ ಹೊರಗಿಟ್ಟರು, ಏಕೆಂದರೆ ದುಡಿದು ತರುವ ಕೈ ಅದು. ಬೇರೆಯದನ್ನು ವರ್ಷಗಟ್ಟಲೆ, ಬೆಲೆ ಕುದುರಿದಂತೆ ಮಾರಲು ಸಾಲ ಕೊಟ್ಟವರಿಂದ ಕಾಲಾವಕಾಶ ಪಡೆದರು. ಅಬುಧಾಬಿ 10 ಬಿಲಿಯನ್ ಡಾಲರ್ ಕೊಟ್ಟು ಉಸಿರಾಡಿಸಿತು ನಿಜ, ಮರುತಿಂಗಳೇ ಬುರ್ಜ್ ದುಬೈ ಎಂದಿದ್ದ ಗೋಪುರ ಅಬುಧಾಬಿಯ ದೊರೆಯ ಹೆಸರಿನಲ್ಲಿ ಬುರ್ಜ್ ಖಲೀಫಾ ಆಯಿತು. ಬಿಜಿಎಂಎಲ್‌ಗೆ ಅಬುಧಾಬಿಯಂಥ ಅಣ್ಣ ಎಲ್ಲಿದ್ದಾನೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಇದ್ದಾನೆ ಸ್ವಾಮಿ, ದೆಹಲಿಯಲ್ಲಿ ನಿಮ್ಮ ಸಚಿವಾಲಯದ ರೂಪದಲ್ಲಿ.

ಅದೇ ಅಬುಧಾಬಿಯ ಇಂಟರ್‌ನ್ಯಾಷನಲ್ ರಿಸೋರ್ಸಸ್ ಹೋಲ್ಡಿಂಗ್ 2024ರಲ್ಲಿ ಜಾಂಬಿಯಾದ ಮೊಪಾನಿ ತಾಮ್ರದ ಗಣಿಗೆ 1.1 ಬಿಲಿಯನ್ ಡಾಲರಿನ ಒಪ್ಪಂದದಲ್ಲಿ ಬಂತು. ಕಷ್ಟದಲ್ಲಿದ್ದ ಗಣಿ, ಸರ್ಕಾರದ ಒಡೆತನದ್ದು. ಜಾಂಬಿಯಾ ಶೇ. 51 ಕೊಟ್ಟಿತು, ಶೇ. 49 ಕೈಯಲ್ಲಿಟ್ಟುಕೊಂಡಿತು. ಹಣ ಗಣಿಗೇ ಬರಬೇಕು, ಪಾಲು ನಮಗೂ ಇರಬೇಕು ಎಂದು ಕೇಳುವ ಧೈರ್ಯ ಆ ದೇಶಕ್ಕಿತ್ತು. ಸೈನೈಡ್ ಗುಡ್ಡಗಳ ವಿಷಯದಲ್ಲಿ ನಾವು ಯಾಕೆ ಹಾಗೆ ಕೇಳಬಾರದು? ಗುಡ್ಡ ತೊಳೆಯುವ ತಂತ್ರಜ್ಞಾನ ತರುವವರು ಬರಲಿ, ಅವರ ಪಾಲು ದೊಡ್ಡದೇ ಇರಲಿ. ಬಿಜಿಎಂಎಲ್ ಅಥವಾ ಹಟ್ಟಿ ಕಂಪನಿ ಪಾಲುದಾರನಾಗಿ ಒಳಗಿರಲಿ. ಮೊದಲ ಮಹಾಯುದ್ಧದ ಹೊತ್ತಿಗೆ ನಿಂತುಹೋಗಿದ್ದ ಹಟ್ಟಿ ಗಣಿ 1947ರಲ್ಲಿ ಕಂಪನಿಯಾಗಿ ಮತ್ತೆ ಎದ್ದು ಇವತ್ತೂ ನಡೆಯುತ್ತಿದೆ. ಸರ್ಕಾರಿ ಕೈಗೆ ಚಿನ್ನ ತೆಗೆಯಲು ಬರುವುದಿಲ್ಲ ಎಂಬ ಮಾತಿಗೆ ಅದಕ್ಕಿಂತ ಬೇರೆ ಉತ್ತರ ಬೇಡ.

ನೆಲದ ವಿಷಯ ಬೇರೆ. ನೆಲ ಮಾರಿ ಸಂಬಳ, ಬಡ್ಡಿ, ಕೋರ್ಟು ಖರ್ಚು ಕಳೆಯುವುದು ಬಿತ್ತನೆ ರಾಗಿಯನ್ನು ಬೀಸಿ ಮುದ್ದೆ ಮಾಡಿದ ಹಾಗೆ. ಅದನ್ನು ಬಂಡವಾಳ ಎತ್ತುವುದು ಎಂದು ಯಾವ ಲೆಕ್ಕಿಗನೂ ಕರೆಯಲಾರ. ಕೈಗಾರಿಕೆಗೆ ಬೇಕಾದರೆ ಗುತ್ತಿಗೆಗೆ ಕೊಡಿ, ಬಾಡಿಗೆ ಬರಲಿ. ಅಷ್ಟು ಮಾಡುವ ಮೊದಲು ಆ ನೆಲದ ಮೇಲೆಯೇ ಬದುಕುತ್ತಿರುವವರ ಲೆಕ್ಕ ಮುಗಿಸಿ. ಗಣಿ ಕೆಲಸಗಾರರ ಕುಟುಂಬಗಳು ಇನ್ನೂ ಕಂಪನಿಯ ಹಳೆಯ ಲೈನ್ ಮನೆಗಳಲ್ಲಿವೆ. ಅವರ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು ಬೆಂಗಳೂರಿಗಿಂತ ಮೊದಲು ಬೆಳಗಿದ ಊರು ಇದು ಎಂದು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಅದರಿಂದ ಯಾರ ಮನೆಯ ಹಕ್ಕುಪತ್ರವೂ ಬರಲಿಲ್ಲ.

ಸಚಿವರೇ, ಹೈದರಾಬಾದಿನವರಾದ ನಿಮಗೆ ಕೋಲಾರದ ಮಾತು ಅಪರಿಚಿತವಲ್ಲ. ಕೆಜಿಎಫ್‌ನಲ್ಲಿ ತೆಲುಗು, ತಮಿಳು, ಕನ್ನಡ ಒಂದೇ ಅಂಗಡಿಯಲ್ಲಿ ಕೇಳಿಸುತ್ತವೆ. ಆದ್ದರಿಂದ ನೇರವಾಗಿ ಕೇಳುತ್ತೇನೆ. 13 ಗುಡ್ಡಗಳ ಗುತ್ತಿಗೆಯ ಷರತ್ತುಗಳಲ್ಲಿ ಸಾರ್ವಜನಿಕ ಕಂಪನಿಗೆ ಪಾಲು ಬರೆಸಿ. ಬರುವ ಹಣದ ಮೊದಲ ಹಕ್ಕು ಕಾರ್ಮಿಕರ ಬಾಕಿ ಮತ್ತು ಮನೆಗಳದ್ದು, ಎರಡನೆಯದು ಧೂಳು ತಡೆಯುವ ಕೆಲಸದ್ದು, ಉಳಿದದ್ದು ಹೊಸ ಚಿನ್ನದ ಶೋಧಕ್ಕೆ ಎಂದು ಕಾಗದದಲ್ಲೇ ನಮೂದಿಸಿ. ಆ ಷರತ್ತುಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚು ಹಾಕಿಸಿ, ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಸಭೆ ಕರೆದು ಊರಿನವರ ಮುಂದೆ ಓದಿಸಿ. ಇಷ್ಟೂ ಆಗುವುದಾದರೆ ಧಾರಾಳವಾಗಿ ಮಾರಿ. ಆಗದಿದ್ದರೆ ಗುಡ್ಡಗಳನ್ನು ಇದ್ದಲ್ಲೇ ಬಿಡಿ. ಚಿನ್ನದ ಬೆಲೆ ಅವುಗಳನ್ನು ಕಾಯುತ್ತದೆ.

ಇತಿ,
ದುಬೈನಲ್ಲಿರುವ ಕೋಲಾರದವನೊಬ್ಬ