ಶಾಲಾ ಶಿಕ್ಷಣದಲ್ಲಿ ಚಿತ್ರಲೇಖನದ ಸ್ಥಾನ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಏಕಶಿಲೆಯೊಂದು ಇದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನವು ತಿಳಿಸುತ್ತದೆ. ಆ ಶಾಸನವನ್ನು ಓದಬಲ್ಲವರು ಇಂದು ವಿರಳ. ಆದರೆ ಅದರ ಸಮೀಪದಲ್ಲಿಯೇ ಬರಿಯ ಗೆರೆಗಳಲ್ಲಿ ಕೊರೆದಿರುವ ಚಿತ್ರವೊಂದನ್ನು ಅಕ್ಷರವರಿಯದ ಮಗುವೂ ಓದಬಲ್ಲದು. ಗಾಡಿಯ ಮೇಲೆ ಹೇರಿದ ಅದೇ ಹೆಬ್ಬಂಡೆ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹೊಡೆಯುವ ಆಳುಗಳು, ಹಿಂದಿನಿಂದ ಗಾಲಿಗಳಿಗೆ ಸನ್ನೆ ಕೊಡುವ ಜನ. ಇತಿಹಾಸದ ಪಾಠ, ವಿಜ್ಞಾನದ ಸನ್ನೆಕೋಲಿನ ಪಾಠ, ಕೂಡಿ ದುಡಿಯುವ ಸಮಾಜದ ಪಾಠ, ಇವೆಲ್ಲವೂ ಆ ಕೆಲವು ಗೆರೆಗಳಲ್ಲಿ ಅಡಕವಾಗಿವೆ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಬಂದ ಮಕ್ಕಳನ್ನು ಆ ಗೋಡೆಯೆದುರು ಹತ್ತು ನಿಮಿಷ ಕೂರಿಸಿ, ಕೈಗೊಂದು ಪೆನ್ಸಿಲು ಕೊಟ್ಟು, ‘ಇದನ್ನು ಬರೆದುಕೊಳ್ಳಿರಿ’ ಎನ್ನುವ ಶಿಕ್ಷಕರು ಎಷ್ಟು ಮಂದಿ ಇದ್ದಾರು?

ಚಿತ್ರಕಲೆಯೆಂದರೆ ಬಿಡುವಿನ ವೇಳೆಯ ವಿನೋದ, ವಾರ್ಷಿಕೋತ್ಸವದ ವೇದಿಕೆಗೆ ಬೇಕಾದ ಅಲಂಕಾರ ಎಂಬ ಭಾವನೆ ಪಾಲಕರಲ್ಲಿ ಮಾತ್ರವಲ್ಲ, ಶಿಕ್ಷಕವರ್ಗದಲ್ಲಿಯೂ ಬೇರೂರಿದೆ. ವೇಳಾಪಟ್ಟಿಯಲ್ಲಿ ಅದಕ್ಕೊಂದು ಅವಧಿ ಇರುತ್ತದೆ, ನಿಜ. ದಸರೆಯ ರಜೆ ಮುಗಿದು ಹತ್ತನೆಯ ತರಗತಿಯ ಫಲಿತಾಂಶದ ಚಿಂತೆ ಆರಂಭವಾದೊಡನೆ ಆ ಅವಧಿ ಗಣಿತಕ್ಕೋ ಇಂಗ್ಲಿಷಿಗೋ ಸಂದುಹೋಗುತ್ತದೆ. ಕೊಡುವವರಿಗೂ ಪಡೆಯುವವರಿಗೂ ಇದರಲ್ಲಿ ನಷ್ಟವೇನೂ ಕಾಣುವುದಿಲ್ಲ. ನಷ್ಟವಾಗುವುದು ಗಣಿತಕ್ಕೇ ಎಂಬುದು ಮಾತ್ರ ಯಾರ ಲಕ್ಷ್ಯಕ್ಕೂ ಬರುವುದಿಲ್ಲ.

ಹತ್ತಿಯ ಹೂವನ್ನು ತೆಗೆದುಕೊಳ್ಳಬಹುದು. ದೇವದುರ್ಗ, ಮಾನ್ವಿಗಳ ಕಡೆ ಹತ್ತಿಯ ಹೊಲ ಕಾಣದ ಮಗುವಿಲ್ಲ. ಆದರೂ ಹೂವಿನ ಭಾಗಗಳೆಂದೊಡನೆ ಹಲಗೆಯ ಮೇಲೆ ಪುಸ್ತಕದ ದಾಸವಾಳ ಮೂಡುತ್ತದೆ. ಮಕ್ಕಳು ಅದನ್ನು ನಕಲು ಮಾಡಿ, ಹೆಸರುಗಳನ್ನು ಬರೆದು, ಪಟ್ಟಿಯನ್ನು ಮುಚ್ಚುತ್ತಾರೆ. ಅದೇ ಮಗುವಿಗೆ ಹೊಲದ ಬದುವಿನಲ್ಲಿ ಕುಳಿತು ಒಂದೇ ಹೂವನ್ನು ಎರಡು ದಿನ ನೋಡಿ ಬರೆಯಲು ಹೇಳಿದರೆ ಏನಾಗುತ್ತದೆ? ಮೊದಲ ದಿನ ಕೆನೆಬಣ್ಣದಲ್ಲಿ ಅರಳಿದ ಹೂವು ಮರುದಿನ ನಸುಗೆಂಪಿಗೆ ತಿರುಗಿದುದನ್ನು ಅದು ತಾನೇ ಕಂಡುಕೊಳ್ಳುತ್ತದೆ. ಕೇಸರಗಳೆಲ್ಲ ಕೂಡಿ ನಡುವೆ ಒಂದು ಕೊಳವೆಯಾಗಿರುವುದನ್ನು ಗೆರೆಯಲ್ಲಿ ಮೂಡಿಸುವಾಗ, ದಾಸವಾಳದಲ್ಲಿಯೂ ಹೀಗೆಯೇ ಇತ್ತಲ್ಲ ಎಂಬ ನೆನಪು ಬರುತ್ತದೆ. ಎರಡೂ ಒಂದೇ ಕುಟುಂಬದ ಸಸ್ಯಗಳೆಂದು ಶಿಕ್ಷಕರು ಆ ಬಳಿಕ ಹೇಳಿದರೆ, ಆ ಮಾತು ಮಗುವಿಗೆ ಉತ್ತರವಾಗಿ ಬರುತ್ತದೆಯೇ ಹೊರತು ಉರುಹೊಡೆಯಬೇಕಾದ ವಾಕ್ಯವಾಗಿ ಅಲ್ಲ. ಕಣ್ಣು ಜಾರಿಸಿಬಿಡುವುದನ್ನು ಕೈ ಜಾರಿಸಲಾರದು. ಎಸಳುಗಳು ನಾಲ್ಕೋ ಐದೋ ಎಂಬುದನ್ನು ನೋಡುವವನು ಮರೆಯಬಹುದು, ಬರೆಯುವವನು ಎಣಿಸಲೇಬೇಕು.

ಭೂಗೋಳದ ಮಾತೂ ಇಂಥದೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ದೋ-ಆಬ್. ಈ ವಾಕ್ಯವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ದೇವದುರ್ಗ ಯಾವ ನದಿಯ ಕಡೆಗೆ, ಮಾನ್ವಿ ಯಾವುದರ ಕಡೆಗೆ ಎಂದು ಕೇಳಿದರೆ ತಡವರಿಸುತ್ತಾನೆ. ತನ್ನ ಕೈಯಿಂದಲೇ ಎರಡು ನದಿಗಳನ್ನೆಳೆದು, ಊರುಗಳನ್ನು ಗುರುತಿಸಿ, ತುಂಗಭದ್ರಾ ಎಡದಂಡೆ ಕಾಲುವೆಯನ್ನು ಗಂಗಾವತಿ, ಸಿಂಧನೂರುಗಳನ್ನು ದಾಟಿಸಿ ಮಾನ್ವಿಯವರೆಗೆ ತಂದವನು ಹಾಗೆ ತಡವರಿಸಲಾರ. ದಾರಿಯುದ್ದಕ್ಕೂ ಉಪಕಾಲುವೆಗಳನ್ನು ಕವಲೊಡೆಯಿಸುತ್ತ ಬಂದಂತೆ, ಕೊನೆಯ ಭಾಗದ ಹೊಲಕ್ಕೆ ನೀರು ಏಕೆ ಬಾರದು, ತನ್ನ ಊರಿನ ಹಿರಿಯರು ಪ್ರತಿ ಬೇಸಗೆ ಬೆಳೆಗೆ ಏಕೆ ಹೋರಾಡುತ್ತಾರೆ ಎಂಬುದು ಅವನಿಗೆ ಆ ಹಾಳೆಯ ಮೇಲೆಯೇ ಗೋಚರವಾಗುತ್ತದೆ. ಇದು ಭೂಗೋಳವೋ ಪೌರನೀತಿಯೋ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ.

ಗಣಿತಕ್ಕೆ ದೂರ ಹೋಗಬೇಕಾಗಿಲ್ಲ, ಮನೆಯ ಹೊಸ್ತಿಲೇ ಸಾಕು. ನಡುವೆ ಏಳು ಚುಕ್ಕಿಯಿಟ್ಟು ಎರಡೂ ಕಡೆ ಐದು, ಮೂರು, ಒಂದು ಎಂದು ಇಳಿಸುತ್ತ ಬಂದರೆ ಒಟ್ಟು 25 ಚುಕ್ಕಿ. ಒಂದರಿಂದ ಏಳರವರೆಗಿನ ಬೆಸ ಸಂಖ್ಯೆಗಳ ಮೊತ್ತ 16 ಎಂಬುದೂ, ಅದು ನಾಲ್ಕು ನಾಲ್ಕಲೆ ಎಂಬುದೂ ಅದರೊಳಗೇ ಇದೆ. ನಿತ್ಯ ರಂಗೋಲಿ ಹಾಕುವ ಹುಡುಗಿಗೆ ಸಮಮಿತಿಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆಕೆ ಮಾಡುತ್ತಿರುವುದರ ಹೆಸರು ಅದು ಎಂದು ತಿಳಿಸಿದರಾಯಿತು.

ಎಲ್ಲಕ್ಕಿಂತ ಮಿಗಿಲಾಗಿ ಚಿತ್ರ ಒದಗಿಬರುವುದು ಗುಳೆ ಹೋಗಿ ಬಂದ ಮನೆಗಳ ಮಕ್ಕಳಿಗೆ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಹಳ್ಳಿಗಳಿಂದ ತಾಯಿತಂದೆಗಳೊಡನೆ ಬೆಂಗಳೂರಿಗೋ ಬೇರೆಡೆಗೋ ಹೋದ ಮಗು, ತಿಂಗಳುಗಳ ಬಳಿಕ ಮರಳಿ ಬಂದಾಗ ಅಕ್ಷರದಲ್ಲಿ ಹಿಂದುಳಿದಿರುತ್ತದೆ, ಅನುಭವದಲ್ಲಿ ಅಲ್ಲ. ಎದ್ದುನಿಂತ ಕಟ್ಟಡ, ಅದಕ್ಕೆ ಕಟ್ಟಿದ ಅಟ್ಟಣಿಗೆ, ತಗಡಿನ ಶೆಡ್ಡು ಎಲ್ಲವೂ ಅದಕ್ಕೆ ಗೊತ್ತು. ಓದು ಎಂದರೆ ತಲೆ ತಗ್ಗಿಸುವ ಆ ಮಗು ಬರೆದ ಚಿತ್ರದ ಕೆಳಗೆ ನಾಲ್ಕು ಪದಗಳನ್ನು ಅದರಿಂದಲೇ ಬರೆಯಿಸಿದರೆ, ಅಕ್ಷರ ಮತ್ತೆ ಅದರ ಕೈಗೆ ಹತ್ತುತ್ತದೆ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ. 60ನ್ನು ಮುಟ್ಟದ ಜಿಲ್ಲೆಯೊಂದು ಇಂಥ ದಾರಿಯನ್ನು ಕಡೆಗಣಿಸುವುದು ಸರಿಯೆನಿಸದು.

ಚೆನ್ನಾಗಿ ಬರೆಯಲು ಬಾರದವರ ಗತಿಯೇನು ಎಂದು ಕೇಳುವವರಿದ್ದಾರೆ. ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಮತ್ತೆ ಮತ್ತೆ ಬರೆದವರಿಗಿಂತ ಅವುಗಳ ಚಿತ್ರ ಬಿಡಿಸಿದವರ ನೆನಪು ಹೆಚ್ಚು ಗಟ್ಟಿಯಾಗಿತ್ತು. ಚಿತ್ರದ ಅಂದಚಂದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹಾಗೆಂದು ಚಿತ್ರವೇ ಸರ್ವಸ್ವವಲ್ಲ. ಬೀಜಗಣಿತದ ಅಭ್ಯಾಸಕ್ಕೆ, ವ್ಯಾಕರಣಕ್ಕೆ ಅದು ಬದಲಿಯಾಗಲಾರದು. ಅಂಗಡಿಯಲ್ಲಿ ಕೊಂಡು ಅಂಟಿಸಿದ ಚಾರ್ಟುಗಳಿಂದಲಂತೂ ಕಲಿಯುವವನು ಅಂಗಡಿಯವನೇ ಹೊರತು ಮಗುವಲ್ಲ!

ಈ ಸೀಮೆಗೆ ಚಿತ್ರ ಪರಕೀಯವೂ ಅಲ್ಲ. ಮುದಗಲ್ಲಿನ ಬಳಿಯ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಹಿಣಿಲುಳ್ಳ ಎತ್ತುಗಳನ್ನು ಮೂಡಿಸಿದ್ದಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಮಿದಿಯುವ ಹುಡುಗರ ಬೆರಳುಗಳಲ್ಲಿಯೂ ಅದೇ ಎತ್ತು ಮೈದಳೆಯುತ್ತದೆ. ಕೊರತೆ ಇರುವುದು ವ್ಯವಸ್ಥೆಯಲ್ಲಿ. ಎಲ್ಲ ಹಂತಗಳಲ್ಲಿಯೂ ಕಲೆ ಒಂದು ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಆರರಿಂದ ಎಂಟನೆಯ ತರಗತಿಗಳಿಗೆ ಕಲಾಬೋಧಕರನ್ನು ವಿಧಿಸಿತು, ಅದೂ ಅರೆಕಾಲಿಕರನ್ನು, ಮಕ್ಕಳ ಸಂಖ್ಯೆ ನೂರನ್ನು ಮೀರಿದ ಕಡೆ ಮಾತ್ರ. ಸಣ್ಣ ಹಳ್ಳಿಯ ಶಾಲೆ ಅಲ್ಲಿಗೆ ಲೆಕ್ಕದಿಂದ ಹೊರಗುಳಿಯಿತು.

ಆದುದರಿಂದ ಭಾರ ಬೀಳುವುದು ವಿಷಯ ಶಿಕ್ಷಕರ ಮೇಲೆ, ಮತ್ತು ದಾನಿಗಳ ಮೇಲೆ. ಶಿಕ್ಷಕರಿಗೆ ಬೇಕಾದುದು ಕಲಾಪದವಿಯಲ್ಲ. ಹಲಗೆಯ ಮೇಲಿನ ತಮ್ಮ ಸೊಟ್ಟ ಗೆರೆಗೆ ನಾಚದಿರುವುದು, ಮಗುವಿನ ಸೊಟ್ಟ ಗೆರೆಯನ್ನು ಕೆಂಪು ಶಾಯಿಯಿಂದ ಹೊಡೆಯದಿರುವುದು. ದಾನಿಗಳಾದರೋ ಕೊಠಡಿ ಕಟ್ಟಿಸುತ್ತಾರೆ, ಹೆಚ್ಚು ಅಂಕ ಪಡೆದವರಿಗೆ ಹಿರಿಯರ ಹೆಸರಿನಲ್ಲಿ ದತ್ತಿನಿಧಿ ಇಡುತ್ತಾರೆ. ಅಂಥದೊಂದು ದತ್ತಿಯ ಬಡ್ಡಿಯನ್ನು ಬಿಳಿ ಹಾಳೆ, ಪೆನ್ಸಿಲು, ಮೇಣದ ಬಳಪಗಳಿಗೆ ಮೀಸಲಿಟ್ಟು, ಅಂಕಪಟ್ಟಿಯನ್ನು ಕೇಳದೆ ಪ್ರತಿಯೊಂದು ಮಗುವಿಗೂ ಜೂನ್ ತಿಂಗಳಲ್ಲಿಯೇ ಹಂಚುವ ಏರ್ಪಾಟಾದರೆ, ಆರಂಭಕ್ಕೆ ಅಷ್ಟು ಸಾಕಾದೀತು.